ಸ್ಟ್ರೀಮ್ ಬದಲಾಯಿತು, ಕೇಳುಗರಿಗೆ ಏನಾಯಿತು?

(ಉಪನ್ಯಾಸವೊಂದರ ಬರಹ ರೂಪ. ಸಭೆಯಲ್ಲಿ ಕೇಳಿಸಿದ ಧ್ವನಿ ತುಣುಕುಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂಟರ್‌ನೆಟ್ ರೇಡಿಯೊ ಕೇಳುವವರಿಗೆ ಒಂದು ಪ್ರಕಟಣೆ ಚೆನ್ನಾಗಿ ಪರಿಚಯ. "ನಿಮಗೆ ಇನ್ನೂ ಒಳ್ಳೆಯ ಧ್ವನಿ ಕೊಡಲು ನಮ್ಮ ಸ್ಟ್ರೀಮ್‌ಗಳನ್ನು ಬದಲಾಯಿಸುತ್ತಿದ್ದೇವೆ" ಅಂತ ಕೇಂದ್ರದವರು ಹಾಕುತ್ತಾರೆ. (ಸ್ಟ್ರೀಮ್ ಅಂದರೆ ನೆಟ್ ಮೂಲಕ ಹರಿದು ಬರುವ ಪ್ರಸಾರ.) ಬದಲಾದ ಮೇಲೆ ಕೆಲವರಿಗೆ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಕೆಲವರಿಗೆ ಧ್ವನಿ ನಿಜಕ್ಕೂ ಚೆನ್ನಾಗಿ ಕೇಳುತ್ತದೆ. ಇನ್ನು ಕೆಲವರ ರೇಡಿಯೊ ಬಾಯಿಯೇ ಬಿಡುವುದಿಲ್ಲ. ನಿನ್ನೆ ರಾತ್ರಿ ಆಫ್ ಮಾಡುವವರೆಗೂ ಹಾಡುತ್ತಿತ್ತು, ಬೆಳಿಗ್ಗೆ ಆನ್ ಮಾಡಿದರೆ "ಕನೆಕ್ಟ್ ಆಗುತ್ತಿದೆ" ಅಂತ ಬರೆದುಕೊಂಡು ಸುಮ್ಮನೆ ಕೂತಿದೆ.

ಇವತ್ತು ನಾನು ಜಾಸ್ತಿ ಮಾತಾಡುವುದು ಈ ಕೊನೆಯವರ ಬಗ್ಗೆ. ಕ್ವಾಲಿಟಿ ಹೆಚ್ಚಾಯಿತು ಅಂತ ಯಾರಾದರೂ ಹೇಳಿದರೆ, ಯಾರ ಪಾಲಿಗೆ ಹೆಚ್ಚಾಯಿತು ಅಂತ ಕೇಳಬೇಕು ಅನ್ನುವುದು ನನ್ನ ವಾದ. ಆದರೆ ಅದಕ್ಕೆ ಮೊದಲು ಕ್ವಾಲಿಟಿ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ನೋಡೋಣ. ಅಲ್ಲಿ ತುಂಬಾ ಗೊಂದಲ ಇದೆ.

ಹಿಂದಿನ ಕಥೆಯನ್ನು ಬೇಗ ಮುಗಿಸುತ್ತೇನೆ. 1994ರ ನವೆಂಬರ್ 7ರಂದು ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ಡಬ್ಲ್ಯೂಎಕ್ಸ್‌ವೈಸಿ ಎಂಬ ವಿದ್ಯಾರ್ಥಿಗಳ ಎಫ್‌ಎಂ ಕೇಂದ್ರ ತನ್ನ ಪ್ರಸಾರವನ್ನು ಇಂಟರ್‌ನೆಟ್‌ಗೂ ಬಿಟ್ಟಿತು. ಮರುವರ್ಷ ಏಪ್ರಿಲ್‌ನಲ್ಲಿ, ನೆಟ್‌ನಲ್ಲಿ ಧ್ವನಿ ಕೇಳಿಸುವ ರಿಯಲ್‌ಆಡಿಯೊ ಎಂಬ ಸಾಫ್ಟ್‌ವೇರ್ ಬಂತು. ಆಗಿನ ಮೋಡೆಮ್‌ಗಳ ವೇಗ 14.4 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 14,400 ಬಿಟ್. ಆ ಸಣ್ಣ ಕಂಡಿಯಲ್ಲಿ ತೂರಿ ಬರುವ ಧ್ವನಿ ಹಳೇ ಲ್ಯಾಂಡ್‌ಲೈನ್ ಫೋನಿನ ಮಾತಿನ ಹಾಗಿರುತ್ತಿತ್ತು. ಆದರೂ ಜನ ಕೂತು ಕೇಳಿದರು. ಎಲ್ಲೋ ದೂರದ ಕೇಂದ್ರ ಮನೆಯೊಳಗೆ ಬಂತಲ್ಲ ಅನ್ನುವುದೇ ಸಾಕಾಗಿತ್ತು. 1990ರ ದಶಕದ ಕೊನೆಗೆ ನೆಟ್‌ನಲ್ಲಿ ಸ್ಟೇಷನ್ ನಡೆಸುವ ಶೌಟ್‌ಕಾಸ್ಟ್ ಎಂಬ ಸಾಫ್ಟ್‌ವೇರ್ ಬಂತು, ಅದರ ಹಿಂದೆಯೇ ಯಾರು ಬೇಕಾದರೂ ಬಳಸಬಹುದಾದ ಐಸ್‌ಕಾಸ್ಟ್ ಬಂತು. ಒಂದು ಕಂಪ್ಯೂಟರ್, ಒಂದು ಲೈನ್ ಇದ್ದವರೆಲ್ಲ ಸ್ಟೇಷನ್ ಶುರು ಮಾಡಿದರು. ಆ ಕಾಲದಲ್ಲಿ ಬೇರು ಬಿಟ್ಟದ್ದೇ 128 ಕೆಬಿಪಿಎಸ್ ಎಂಪಿ3 ಎಂಬ ರೂಢಿ.

ಈ 128ರ ಹಿಂದೆ ದೊಡ್ಡ ರಹಸ್ಯವೇನೂ ಇಲ್ಲ. ಸಿ.ಡಿ.ಯಲ್ಲಿರುವ ಧ್ವನಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. 128 ಅಂದರೆ ಅದರ ಹನ್ನೊಂದನೇ ಒಂದು ಪಾಲು. ನಿಮಿಷಕ್ಕೆ ಹತ್ತಿರ ಹತ್ತಿರ ಒಂದು ಎಂಬಿ. ಲೆಕ್ಕ ಸುಲಭ, ಧ್ವನಿಯೂ ಪರವಾಗಿಲ್ಲ. ಹಾಗಾಗಿ ಉಳಿದುಕೊಂಡಿತು.

ಹನ್ನೊಂದರಲ್ಲಿ ಹತ್ತು ಪಾಲು ಹೋದ ಮೇಲೂ ಹಾಡು ಹಾಡಿನ ಹಾಗೇ ಕೇಳುವುದು ಹೇಗೆ? ಕಿವಿ ಎಲ್ಲವನ್ನೂ ಕೇಳಿಸಿಕೊಳ್ಳುವುದಿಲ್ಲ ಅನ್ನುವುದೇ ಉತ್ತರ. ಒಂದು ಜೋರು ಸದ್ದು ಬಂದಾಗ ಅದರ ಆಸುಪಾಸಿನ ಶ್ರುತಿಯಲ್ಲಿರುವ ಮೆಲ್ಲಗಿನ ಸದ್ದು ಮುಚ್ಚಿಹೋಗುತ್ತದೆ. ಜೋರು ಸದ್ದಿಗೆ ಸ್ವಲ್ಪ ಮುಂಚೆ, ಸ್ವಲ್ಪ ಆಮೇಲೆ ಬಂದದ್ದೂ ಮುಚ್ಚಿಹೋಗುತ್ತದೆ. ಹಾಗೆ ಮುಚ್ಚಿಹೋಗುವುದನ್ನು ಲೆಕ್ಕ ಹಾಕಿ ಕಳಿಸದೇ ಬಿಡುವುದು ಕೊಡೆಕ್‌ನ, ಅಂದರೆ ಎಂಪಿ3ಯಂಥ ಧ್ವನಿ ಹಿಂಡುವ ವಿಧಾನದ ಕೆಲಸ. ಅಂದರೆ ಅದು ಕಿವಿಗೆ ಮಾಡುವ ಒಂದು ಜಾಣ ಮೋಸ. ಜಾಗ ಸಾಕಷ್ಟು ಇದ್ದರೆ ಮೋಸ ಗೊತ್ತೇ ಆಗುವುದಿಲ್ಲ. ಜಾಗ ಕಡಿಮೆಯಾದಾಗ ಸಿಕ್ಕಿಬೀಳುತ್ತದೆ.

ಎಲ್ಲಿ ಸಿಕ್ಕಿಬೀಳುತ್ತದೆ ಅಂತ ತೋರಿಸಲು ಸಭೆಯಲ್ಲಿ ಒಂದು ತುಣುಕು ಕೇಳಿಸಿದೆ. ಹಾಡಲ್ಲ, ಮಾತಲ್ಲ, ಬರೀ ಚಪ್ಪಾಳೆ. ಒಂದು ಸಭಾಂಗಣದ ತುಂಬ ಜನ ತಟ್ಟುವ ಚಪ್ಪಾಳೆ. ಮೊದಲು ಮೂಲ ರೆಕಾರ್ಡಿಂಗ್. ಅದರಲ್ಲಿ ಒಂದೊಂದು ಕೈಯೂ ಬೇರೆ ಬೇರೆ ಕೇಳುತ್ತದೆ. ಹತ್ತಿರದವರದು ಟಪ್ ಟಪ್ ಅಂತ, ಹಿಂದಿನವರದು ಒಟ್ಟಾಗಿ. ಆಮೇಲೆ ಅದನ್ನೇ 128ರ ಎಂಪಿ3 ಮಾಡಿ ಕೇಳಿಸಿದೆ. ಹೆಚ್ಚಿನವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಮುಂದಿನ ಸಾಲಿನ ಇಬ್ಬರು ಮಾತ್ರ ಮುಖ ಹಿಂಡಿದರು. ಕೊನೆಗೆ 48ಕ್ಕೆ ಇಳಿಸಿದ ಎಂಪಿ3. ಈಗ ಇಡೀ ಸಭೆ ನಕ್ಕಿತು. ಚಪ್ಪಾಳೆ ಹೋಗಿ ತಗಡಿನ ಮೇಲೆ ಮಳೆ ಬಿದ್ದ ಸದ್ದಾಗಿತ್ತು. ಕೈಗಳು ಮಾಯ.

ಚಪ್ಪಾಳೆಯೇ ಏಕೆ? ಕೊಡೆಕ್‌ಗೆ ನೀಟಾದ, ಮುಂದುವರಿಯುವ ಸ್ವರ ಅಂದರೆ ಸುಲಭ. ಒಂದು ಕೊಳಲಿನ ನಿಂತ ಸ್ವರವನ್ನು ಅದು ಕೆಲವೇ ಬಿಟ್‌ಗಳಲ್ಲಿ ಹಿಡಿದುಬಿಡುತ್ತದೆ. ಥಟ್ಟನೆ ಶುರುವಾಗಿ ಥಟ್ಟನೆ ನಿಲ್ಲುವ ಸದ್ದು ಅದಕ್ಕೆ ಕಷ್ಟ. ತಾಳ, ಗೆಜ್ಜೆ, ಸಿಂಬಲ್, ಚಿಟಿಕೆ ಎಲ್ಲ ಈ ಜಾತಿಗೆ ಸೇರಿದವು. ಬಿಟ್ ಸಾಲದಿದ್ದಾಗ ಪೆಟ್ಟು ಬೀಳುವುದಕ್ಕೆ ಮುಂಚೆಯೇ ಒಂದು ಸಣ್ಣ ಉಸಿರಿನಂಥ ಸದ್ದು ಕೇಳುತ್ತದೆ. ಇದಕ್ಕೆ ಪ್ರಿ-ಎಕೋ ಅನ್ನುತ್ತಾರೆ. ಪ್ರತಿಧ್ವನಿ ಆಮೇಲೆ ಬರಬೇಕು, ಇದು ಮುಂಚೆ ಬರುತ್ತದೆ. ಒಮ್ಮೆ ಕಿವಿಗೆ ಬಿದ್ದರೆ ಮುಗಿಯಿತು, ಆಮೇಲೆ ಎಲ್ಲ ಕಡೆ ಅದೇ ಕೇಳಿಸುತ್ತದೆ. ಇದನ್ನು ನಿಮಗೆ ಹೇಳಿಕೊಟ್ಟು ನಿಮ್ಮ ಸುಖ ಕೆಡಿಸಿದೆನೋ ಏನೋ.

ಒಂಟಿ ದನಿಯೂ ಸುಲಭ ಅಲ್ಲ. ಎಂಪಿ3 ರೂಪಿಸಿದವರಲ್ಲಿ ಮುಖ್ಯರಾದ ಜರ್ಮನಿಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಅವರಿಗೆ ಜಾಸ್ತಿ ಕಾಟ ಕೊಟ್ಟದ್ದು ದೊಡ್ಡ ವಾದ್ಯವೃಂದ ಅಲ್ಲ. ವಾದ್ಯವೇ ಇಲ್ಲದೆ ಒಬ್ಬ ಗಾಯಕಿ ಹಾಡಿದ ಒಂದು ಹಾಡು. ಹಿಂದೆ ಅಡಗಿಕೊಳ್ಳಲು ಬೇರೆ ಸದ್ದು ಇಲ್ಲದಾಗ ಕೊಡೆಕ್‌ನ ತಪ್ಪು ಬಯಲಾಗುತ್ತದೆ.

ಈಗ ಒಂದು ದೊಡ್ಡ ತಪ್ಪು ತಿಳಿವಳಿಕೆ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ಬಿಟ್‌ಗಳ ಅಂಕಿ ದೊಡ್ಡದಿದ್ದರೆ ಧ್ವನಿ ಒಳ್ಳೆಯದು ಅಂತ ನಾವು ಅಂದುಕೊಳ್ಳುತ್ತೇವೆ. ಒಂದೇ ಕೊಡೆಕ್ ಆದರೆ ಈ ಮಾತು ಸರಿ. ಕೊಡೆಕ್ ಬದಲಾದರೆ ಅಲ್ಲ. ಎಂಪಿ3 1990ರ ದಶಕದ ಆರಂಭದ್ದು. ಆಮೇಲೆ 1997ರಲ್ಲಿ ಎಎಸಿ ಬಂತು, ಅದರ ಮೇಲೆ ಹೆಚ್‌ಇ-ಎಎಸಿ ಬಂತು, 2012ರಲ್ಲಿ ಓಪಸ್ ಬಂತು. ಒಳ್ಳೆಯ ಎನ್‌ಕೋಡರ್ (ಧ್ವನಿಯನ್ನು ಹಿಂಡುವ ಸಾಫ್ಟ್‌ವೇರ್) ಇದ್ದರೆ 64ರ ಹೆಚ್‌ಇ-ಎಎಸಿ, ಅಷ್ಟೇ ಬಿಟ್‌ರೇಟಿನ ಎಂಪಿ3ಗಿಂತ ಎಷ್ಟೋ ಮೇಲು. ಹಾಗಾಗಿ "128 ಇದ್ದದ್ದನ್ನು 96 ಮಾಡಿದರು, ಮೋಸ ಮಾಡಿದರು" ಅಂತ ಯಾರಾದರೂ ಕೂಗಿದರೆ, ಯಾವ ಕೊಡೆಕ್‌ನಿಂದ ಯಾವ ಕೊಡೆಕ್‌ಗೆ ಅಂತ ಮೊದಲು ಕೇಳಿ.

ಹೆಚ್‌ಇ-ಎಎಸಿಯ ಒಳಗುಟ್ಟು ಸ್ವಲ್ಪ ಹೇಳಲೇಬೇಕು, ಏಕೆಂದರೆ ಮುಂದೆ ಅದರಿಂದಲೇ ಒಂದು ಪೇಚು ಬರುತ್ತದೆ. ಅದು ಧ್ವನಿಯ ಕೆಳಗಿನ ಅರ್ಧ ಭಾಗವನ್ನು ಮಾತ್ರ ಸರಿಯಾಗಿ ಕಳಿಸುತ್ತದೆ. ಮೇಲಿನ ಕೀರಲು ಭಾಗವನ್ನು ಕಳಿಸುವುದೇ ಇಲ್ಲ. "ಕೆಳಗಿನದನ್ನು ನೋಡಿಕೊಂಡು ಮೇಲಿನದನ್ನು ಹೀಗೆ ಕಟ್ಟಿಕೋ" ಅಂತ ಒಂದು ಸಣ್ಣ ಚೀಟಿ ಕಳಿಸುತ್ತದೆ. ನಿಮ್ಮ ಫೋನು ಆ ಚೀಟಿ ಓದಿ ಮೇಲಿನ ಭಾಗವನ್ನು ತಾನೇ ತಯಾರಿಸುತ್ತದೆ. ಅಂದರೆ ನೀವು ಕೇಳುವ ಸಿಂಬಲ್ ಸದ್ದಿನಲ್ಲಿ ಬಹುಪಾಲು ನಿಮ್ಮ ಫೋನಿನಲ್ಲೇ ಹುಟ್ಟಿದ್ದು. ಮಾತಿಗೆ, ಸಾಧಾರಣ ಹಾಡಿಗೆ ಇದು ಸೊಗಸಾಗಿ ನಡೆಯುತ್ತದೆ.

ಪೇಚು ಇಲ್ಲಿದೆ. ಹಳೆಯ ಇಂಟರ್‌ನೆಟ್ ರೇಡಿಯೊ ಸೆಟ್‌ಗಳಲ್ಲಿ ಕೆಲವಕ್ಕೆ ಸಾದಾ ಎಎಸಿ ಗೊತ್ತು, ಚೀಟಿ ಓದುವುದು ಗೊತ್ತಿಲ್ಲ. ಅವು ಹೆಚ್‌ಇ-ಎಎಸಿ ಸ್ಟ್ರೀಮನ್ನು ಬೇಡ ಅನ್ನುವುದಿಲ್ಲ. ಕೆಳಗಿನ ಅರ್ಧವನ್ನಷ್ಟೇ ನುಡಿಸುತ್ತವೆ. ಕೇಳುವವರಿಗೆ ಧ್ವನಿ ಮಂಕಾಗಿದೆ, ಸ್ಪೀಕರ್ ಮೇಲೆ ಕಂಬಳಿ ಹೊದಿಸಿದ್ದಾರೆ ಅನ್ನಿಸುತ್ತದೆ. ಕೇಂದ್ರದ ಎಂಜಿನಿಯರ್ ತನ್ನ ಹೆಡ್‌ಫೋನಿನಲ್ಲಿ ಕೇಳಿದರೆ ಫಸ್ಟ್ ಕ್ಲಾಸ್. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದೇ ಸ್ಟ್ರೀಮ್, ಎರಡು ಧ್ವನಿ.

ಇನ್ನೊಂದು ಮಾತು. ಸ್ಟ್ರೀಮ್ ಎಷ್ಟೇ ಒಳ್ಳೆಯದಿರಲಿ, ಅದಕ್ಕೆ ಮುಂಚೆ ಆದದ್ದನ್ನು ಅದು ಸರಿ ಮಾಡುವುದಿಲ್ಲ. ಕೇಂದ್ರದ ಹಾಡಿನ ಸಂಗ್ರಹವೇ ಹಳೇ ಎಂಪಿ3 ಆಗಿರಬಹುದು. ಸ್ಟುಡಿಯೊದಿಂದ ಸರ್ವರ್‌ಗೆ ಹೋಗುವಾಗ ಮತ್ತೊಮ್ಮೆ ಹಿಂಡಿರಬಹುದು. ಸ್ಟ್ರೀಮ್ ಮಾಡುವಾಗ ಇನ್ನೊಮ್ಮೆ. ನೀವು ಬ್ಲೂಟೂತ್ ಸ್ಪೀಕರ್ ಹಾಕಿಕೊಂಡರೆ ಫೋನು ಅದನ್ನು ಬಿಚ್ಚಿ ಮತ್ತೆ ಹಿಂಡಿ ಕಳಿಸುತ್ತದೆ. ಹೀಗೆ ಹಿಂಡಿದ್ದನ್ನೇ ಹಿಂಡುತ್ತಾ ಹೋದರೆ ಒಂದೊಂದು ಸಲದ ಸಣ್ಣ ತಪ್ಪು ಕೂಡಿಕೊಳ್ಳುತ್ತದೆ. ಕೇಂದ್ರದವರು ಕೊನೆಯ ಹಂತದ ಅಂಕಿಯನ್ನು 320 ಅಂತ ಹಾಕಿ ಹೆಮ್ಮೆ ಪಡುತ್ತಾರೆ. ಒಳಗೆ ಹೋದದ್ದು ಏನು ಅಂತ ಯಾರೂ ಕೇಳುವುದಿಲ್ಲ. ಕೆಲವು ಕೇಂದ್ರಗಳು ಏನನ್ನೂ ಬಿಸಾಡದ ಫ್ಲ್ಯಾಕ್ ರೂಪದಲ್ಲೇ ಸ್ಟ್ರೀಮ್ ಕೊಡುತ್ತಿವೆ. ರೇಡಿಯೊ ಪ್ಯಾರಡೈಸ್ ಅಂಥದ್ದೊಂದು. 2017ರಲ್ಲಿ ಬಿಬಿಸಿ ರೇಡಿಯೊ 3 ಕೂಡ ಸ್ವಲ್ಪ ಕಾಲ ಪ್ರಯೋಗ ಮಾಡಿ ನೋಡಿತ್ತು. ಶಾಸ್ತ್ರೀಯ ಸಂಗೀತದ ನೇರ ಪ್ರಸಾರಕ್ಕೆ ಅದು ಒಪ್ಪುತ್ತದೆ. ಬೆಳಗಿನ ಹರಟೆ ಕಾರ್ಯಕ್ರಮಕ್ಕೆ ಫ್ಲ್ಯಾಕ್ ಬೇಕೇ ಅಂತ ಕೇಳಿದರೆ, ನನ್ನ ಮಟ್ಟಿಗೆ ಬೇಡ.

ಸದ್ದಿನ ಮಟ್ಟದ ಬಗ್ಗೆ ಒಂದೆರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಒಂದು ಕೇಂದ್ರದಿಂದ ಇನ್ನೊಂದಕ್ಕೆ ಹೋದಾಗ ಕಿವಿಗೆ ಹೊಡೆದಂತಾಗುವುದು ಬಿಟ್‌ರೇಟಿನಿಂದಲ್ಲ, ಸದ್ದಿನ ಮಟ್ಟ ಬೇರೆ ಬೇರೆ ಇರುವುದರಿಂದ. ಯೂರೋಪಿನ ಪ್ರಸಾರಕರ ಒಕ್ಕೂಟ 2010ರಲ್ಲಿ ಈ ಮಟ್ಟವನ್ನು ಒಂದೇ ಥರ ಇಡಲು ಆರ್128 ಎಂಬ ಶಿಫಾರಸು ತಂದಿತು. (ಆ 128ಕ್ಕೂ ಈ 128ಕ್ಕೂ ಯಾವ ನಂಟೂ ಇಲ್ಲ.) ಟಿವಿಯಲ್ಲಿ ಅದು ಸಾಕಷ್ಟು ಜಾರಿಗೆ ಬಂತು. ಇಂಟರ್‌ನೆಟ್ ರೇಡಿಯೊದಲ್ಲಿ ಈಗಲೂ ಜೋರಾಗಿ ಕೂಗಿದವನೇ ಜಾಣ.

ಈಗ ಮುಖ್ಯ ವಿಷಯ. ಕಳೆದ ಹತ್ತು ಹದಿನೈದು ವರ್ಷದಲ್ಲಿ ಆದ ದೊಡ್ಡ ಬದಲಾವಣೆ ಬಿಟ್‌ರೇಟಿನದ್ದಲ್ಲ, ಸಾಗಿಸುವ ರೀತಿಯದ್ದು. ಶೌಟ್‌ಕಾಸ್ಟ್ ರೀತಿ ನಲ್ಲಿ ನೀರಿನ ಹಾಗೆ. ಒಮ್ಮೆ ತಿರುಗಿಸಿದರೆ ಹರಿಯುತ್ತಲೇ ಇರುತ್ತದೆ. 2009ರಲ್ಲಿ ಆಪಲ್ ತಂದ ಎಚ್‌ಎಲ್‌ಎಸ್ ರೀತಿ ಬಿಂದಿಗೆಯಲ್ಲಿ ತುಂಬಿ ಇಟ್ಟ ಹಾಗೆ. ಧ್ವನಿಯನ್ನು ಕೆಲವು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಫೈಲ್ ಮಾಡಿ ಸರ್ವರ್‌ನಲ್ಲಿ ಇಡುತ್ತಾರೆ. ನಿಮ್ಮ ಫೋನು ಒಂದೊಂದಾಗಿ ತಂದುಕೊಳ್ಳುತ್ತದೆ. ಪ್ರತಿ ತುಂಡನ್ನೂ ಎರಡು ಮೂರು ಬಿಟ್‌ರೇಟಿನಲ್ಲಿ ಮಾಡಿಟ್ಟಿರುತ್ತಾರೆ. ನೆಟ್ ಚೆನ್ನಾಗಿದ್ದರೆ ಫೋನು ದೊಡ್ಡದನ್ನು ತರುತ್ತದೆ, ಇಲ್ಲದಿದ್ದರೆ ಸಣ್ಣದನ್ನು.

ಬಸ್ಸಿನಲ್ಲಿ, ರೈಲಿನಲ್ಲಿ ಕೇಳುವವರಿಗೆ ಇದು ವರ. ಮೊದಲಾದರೆ ಸಿಗ್ನಲ್ ಕುಂದಿದ ಕೂಡಲೇ ಹಾಡು ಕಡಿಯುತ್ತಿತ್ತು. ಈಗ ಧ್ವನಿ ಸ್ವಲ್ಪ ಸೊರಗುತ್ತದೆ, ಆದರೆ ನಿಲ್ಲುವುದಿಲ್ಲ. ವೈ-ಫೈಯಿಂದ ಮೊಬೈಲ್ ನೆಟ್‌ಗೆ ಹಾರಿದರೂ ದಾರ ಕಡಿಯುವುದಿಲ್ಲ. ಕೇಳುಗರಲ್ಲಿ ಹೆಚ್ಚಿನವರು ಫೋನಿನಲ್ಲೇ ಕೇಳುವ ಕೇಂದ್ರಕ್ಕೆ ಇದು ಸರಿಯಾದ ಆಯ್ಕೆ. ಇದನ್ನು ನಾನು ಒಪ್ಪುತ್ತೇನೆ.

ಆದರೆ ತುಂಡು ಮಾಡಿದ್ದಕ್ಕೆ ಬೆಲೆ ಇದೆ. ಬೆಲೆ ಅಂದರೆ ಸಮಯ. ಒಂದು ತುಂಡು ಪೂರ್ತಿ ಆಗುವ ತನಕ ಅದನ್ನು ಕಳಿಸುವ ಹಾಗಿಲ್ಲ. ಎಚ್‌ಎಲ್‌ಎಸ್ ನಿಯಮದ ಪ್ರಕಾರ ಪ್ಲೇಯರ್ ಸಾಮಾನ್ಯವಾಗಿ ಮೂರು ತುಂಡಿನಷ್ಟು ಹಿಂದಿನಿಂದ ಶುರು ಮಾಡಬೇಕು. ಮೊದಮೊದಲು ತುಂಡು 10 ಸೆಕೆಂಡಿನದ್ದು, ಆಮೇಲೆ 6 ಸೆಕೆಂಡಿನದ್ದು ಮಾಡಿ ಅಂತ ಆಪಲ್ ಹೇಳಿತು. 6 ಸೆಕೆಂಡು ಅಂದರೂ ಮೂರಕ್ಕೆ 18. ಎನ್‌ಕೋಡ್ ಮಾಡುವ ಹೊತ್ತು ಸೇರಿಸಿದರೆ ಅರ್ಧ ನಿಮಿಷ ಹಿಂದೆ ಬೀಳುವುದು ಮಾಮೂಲು. ತಡ ಕಡಿಮೆ ಮಾಡುವ ಹೊಸ ರೂಪಗಳೂ ಬಂದಿವೆ, ಆದರೆ ರೇಡಿಯೊ ಕೇಂದ್ರಗಳು ಅದಕ್ಕೆ ಅಷ್ಟಾಗಿ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ.

ಇದರ ತಮಾಷೆ ನೋಡಬೇಕಾದರೆ ಬಿಬಿಸಿ ರೇಡಿಯೊದಲ್ಲಿ ಗಂಟೆ ಎಷ್ಟಾಯಿತು ಅಂತ ಸಾರುವ ಪಿಪ್ ಎಂಬ ಸಣ್ಣ ಸದ್ದು ಕೇಳಿ. 1924ರಿಂದ ಬರುತ್ತಿರುವ ಆರು ಪಿಪ್‌ಗಳು. ಕೊನೆಯದು ಸ್ವಲ್ಪ ಉದ್ದ. ಆ ಉದ್ದದ ಪಿಪ್ ಶುರುವಾದ ಕ್ಷಣವೇ ಗಂಟೆ. ಜನ ಅದನ್ನು ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಈಗ ಅದೇ ಪಿಪ್ ಅನ್ನು ಅಡುಗೆಮನೆಯ ಎಫ್‌ಎಂ ಸೆಟ್, ಮೇಜಿನ ಮೇಲಿನ ಕಂಪ್ಯೂಟರ್, ಕೈಯಲ್ಲಿನ ಫೋನ್ ಮೂರರಲ್ಲೂ ಹಾಕಿದರೆ ಮೂರು ಸಲ ಗಂಟೆ ಆಗುತ್ತದೆ. ಪಿಪ್‌ನ ಕ್ವಾಲಿಟಿ ಮಾತ್ರ ಸೂಪರ್! ಸ್ಪಷ್ಟವಾಗಿ, ಸ್ಟೀರಿಯೊದಲ್ಲಿ, ತಪ್ಪು ಸಮಯ ಹೇಳುತ್ತದೆ. ಮ್ಯಾಚ್ ಕಾಮೆಂಟರಿ ಕೇಳುವವರ ಪಾಡು ನಿಮಗೇ ಗೊತ್ತು. ಪಕ್ಕದ ಮನೆಯ ಕೂಗು ಮೊದಲು ಬರುತ್ತದೆ, ಬಾಲ್ ಆಮೇಲೆ ಬರುತ್ತದೆ.

ತಡವಾದರೆ ಸಹಿಸಿಕೊಳ್ಳಬಹುದು. ಬರುವುದೇ ನಿಂತರೆ?

2015ರ ಫೆಬ್ರುವರಿಯಲ್ಲಿ ಬಿಬಿಸಿ ತನ್ನ ರೇಡಿಯೊ ಸ್ಟ್ರೀಮ್‌ಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಹಳೆಯ ವಿಂಡೋಸ್ ಮೀಡಿಯಾ ಸ್ಟ್ರೀಮ್‌ಗಳನ್ನು ನಿಲ್ಲಿಸಿತು. ಹೊಸದು ಎಚ್‌ಎಲ್‌ಎಸ್ ಮತ್ತು ಹಾಗೇ ತುಂಡು ಮಾಡಿ ಕಳಿಸುವ ಡ್ಯಾಶ್ ರೀತಿಯದ್ದು. ಎಚ್‌ಎಲ್‌ಎಸ್ ಬಾರದ ಸೆಟ್‌ಗಳಿಗೆ 128ರ ಎಂಪಿ3 ಶೌಟ್‌ಕಾಸ್ಟ್ ಸ್ಟ್ರೀಮ್ ಇಟ್ಟಿತು. ಕಾಗದದ ಮೇಲೆ ನೋಡಿದರೆ ಯಾರನ್ನೂ ಬಿಟ್ಟಿಲ್ಲ. ಆದರೆ ಇಂಟರ್‌ನೆಟ್ ರೇಡಿಯೊ ಸೆಟ್ ಕೊಂಡಿದ್ದ ಎಷ್ಟೋ ಜನರಿಗೆ ಕೇಂದ್ರಗಳು ಒಮ್ಮೆಲೇ ಕಾಣೆಯಾದವು. ಏಕೆಂದರೆ ಸೆಟ್ಟಿನೊಳಗಿನ ಕೇಂದ್ರಗಳ ಪಟ್ಟಿಯಲ್ಲಿ ಹಳೆಯ ವಿಳಾಸವೇ ಇತ್ತು. ಪಟ್ಟಿ ಬಿಬಿಸಿಯದ್ದಲ್ಲ, ಸೆಟ್ ಮಾಡಿದ ಕಂಪನಿಯದ್ದೂ ಅಲ್ಲ, ಮೂರನೆಯವರದು. ಕೇಳುಗ ಯಾರನ್ನು ಕೇಳಬೇಕು? ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಮುಂದೆ 2023ರಲ್ಲಿ ಬಿಬಿಸಿ ಆ ಶೌಟ್‌ಕಾಸ್ಟ್ ಸ್ಟ್ರೀಮ್‌ಗಳನ್ನೂ ಮುಚ್ಚಿತು. ಈಗ ಬ್ರಿಟನ್ನಿನ ಒಳಗೆ 320ರ ಎಎಸಿವರೆಗೂ ಸಿಗುತ್ತದೆ. ಹೊರಗಿನವರಿಗೆ 96ರ ಹೆಚ್‌ಇ-ಎಎಸಿಯೇ ಮೇಲಿನ ಮಿತಿ. ಒಂದೇ ಕೇಂದ್ರ, ಒಂದೇ ಕಾರ್ಯಕ್ರಮ, ನೀವು ಎಲ್ಲಿ ಕೂತಿದ್ದೀರಿ ಅನ್ನುವುದರ ಮೇಲೆ ಧ್ವನಿ. ಅಲ್ಲಿನ ಜನ ಲೈಸೆನ್ಸ್ ಶುಲ್ಕ ಕಟ್ಟುತ್ತಾರೆ, ಅವರಿಗೆ ಜಾಸ್ತಿ ಕೊಡುವುದರಲ್ಲಿ ಅನ್ಯಾಯ ಇಲ್ಲ. ಆದರೆ ಅದನ್ನು "ಎಲ್ಲರಿಗೂ ಉತ್ತಮ ಧ್ವನಿ" ಅನ್ನಲು ಬರುವುದಿಲ್ಲ ಅಷ್ಟೇ.

ಪಟ್ಟಿಯ ವಿಷಯ ಬಂತಲ್ಲ, ಅದನ್ನೂ ಹೇಳುತ್ತೇನೆ. ರೆಸಿವಾ ಅಂತ ಒಂದು ಸೇವೆ ಇತ್ತು. ಹಲವು ಕಂಪನಿಗಳ ಇಂಟರ್‌ನೆಟ್ ರೇಡಿಯೊಗಳು ಸ್ಟೇಷನ್ ಪಟ್ಟಿಗಾಗಿ ಅದನ್ನೇ ನೆಚ್ಚಿಕೊಂಡಿದ್ದವು. 2021ರಲ್ಲಿ ಅದು ಮುಚ್ಚಿತು. ಸೆಟ್ಟಿನಲ್ಲಿ ಒಂದು ಸ್ಕ್ರೂ ಸಹ ಸಡಿಲ ಆಗಿರಲಿಲ್ಲ. ಸ್ಪೀಕರ್ ಸರಿ, ವೈ-ಫೈ ಸರಿ, ಕೇಂದ್ರಗಳೂ ಪ್ರಸಾರ ಮಾಡುತ್ತಲೇ ಇದ್ದವು. ಮಧ್ಯದ ಒಂದು ಪಟ್ಟಿ ಹೋಯಿತು, ರೇಡಿಯೊ ಮೂಕವಾಯಿತು.

ಅದೇ ವರ್ಷ ಸೆಪ್ಟೆಂಬರ್ 30ರಂದು ಇನ್ನೊಂದು ಆಯಿತು. ಇದು ಸ್ವಲ್ಪ ಒಳಗಿನ ವಿಷಯ, ಆದರೆ ಕೇಳುವಂಥದ್ದು. ಸುರಕ್ಷಿತ ವಿಳಾಸ, ಅಂದರೆ ಎಚ್‌ಟಿಟಿಪಿಎಸ್ ಇರುವ ಸ್ಟ್ರೀಮ್‌ಗೆ ಸೇರಬೇಕಾದರೆ ನಿಮ್ಮ ಸೆಟ್ ಒಂದು ಡಿಜಿಟಲ್ ಪ್ರಮಾಣಪತ್ರವನ್ನು ಪರೀಕ್ಷೆ ಮಾಡುತ್ತದೆ. ಅದಕ್ಕೆ ನಂಬಿಕೆಯ ಕೆಲವು ಮೂಲ ಪತ್ರಗಳು ಸೆಟ್ಟಿನೊಳಗೇ ಇರುತ್ತವೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಉಚಿತ ಸೇವೆಯ ಪ್ರಮಾಣಪತ್ರಗಳನ್ನು ನೆಟ್‌ನಲ್ಲಿ ಅಸಂಖ್ಯ ಸೈಟ್‌ಗಳು ಬಳಸುತ್ತವೆ. ಹಳೆಯ ಸಾಧನಗಳು ಅವನ್ನು ನಂಬುತ್ತಿದ್ದದ್ದು ಯಾವ ಮೂಲ ಪತ್ರದ ಆಧಾರದ ಮೇಲೋ, ಅದರ ಅವಧಿ ಆ ದಿನ ಮುಗಿಯಿತು. ಫೋನು, ಕಂಪ್ಯೂಟರ್‌ಗಳಿಗೆ ಅಪ್‌ಡೇಟ್ ಬಂದಿತ್ತು. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಸಾಧನಗಳಿಗೆ ಬಂದಿರಲಿಲ್ಲ. ಅವು "ಈ ಸರ್ವರನ್ನು ನಂಬಲಾರೆ" ಅಂತ ಬಾಗಿಲು ಹಾಕಿಕೊಂಡವು.

ಇದರ ಇನ್ನೊಂದು ಮುಖವೂ ಇದೆ. 2020ರ ಹೊತ್ತಿಗೆ ಕ್ರೋಮ್‌ನಂಥ ಬ್ರೌಸರ್‌ಗಳು ಸುರಕ್ಷಿತ ಪುಟದೊಳಗೆ ಅಸುರಕ್ಷಿತ ಧ್ವನಿ ಸ್ಟ್ರೀಮನ್ನು ಬಿಡಲಾಗದು ಅಂದವು. ಕೇಂದ್ರದವರು ಸುರಕ್ಷಿತ ವಿಳಾಸಕ್ಕೆ ಹೋಗದಿದ್ದರೆ ಬ್ರೌಸರ್ ಕೇಳುಗರು ಹೋದರು. ಹೋದರೆ ಹಳೇ ಸೆಟ್ಟಿನವರು ಹೋದರು. ಎರಡೂ ವಿಳಾಸ ಇಟ್ಟುಕೊಂಡವರು ಮಾತ್ರ ಇಬ್ಬರನ್ನೂ ಉಳಿಸಿಕೊಂಡರು.

ಈ ಹಳೇ ಸೆಟ್ಟಿನವರು ಯಾರು ಅಂತ ಯೋಚನೆ ಮಾಡಿ. ವಯಸ್ಸಾದವರು ಇದ್ದಾರೆ. ಕಣ್ಣು ಕಾಣದವರು ಇದ್ದಾರೆ. ಅವರಿಗೆ ಗುಂಡಿ ಇರುವ ರೇಡಿಯೊ ಸೆಟ್ ಅಂದರೆ ಒಂದು ಸ್ವಾತಂತ್ರ್ಯ. ಎಡದಿಂದ ಮೂರನೇ ಗುಂಡಿ ಒತ್ತಿದರೆ ಸುದ್ದಿ, ನಾಲ್ಕನೆಯದು ಒತ್ತಿದರೆ ಸಂಗೀತ. ಬೆರಳಿಗೆ ದಾರಿ ಗೊತ್ತು. ಅದು ನಿಂತಾಗ "ನಮ್ಮ ಆ್ಯಪ್ ಹಾಕಿಕೊಳ್ಳಿ" ಅನ್ನುವುದು ಸುಲಭ. ನುಣ್ಣನೆಯ ಗಾಜಿನ ಮೇಲೆ ಗುಂಡಿ ಎಲ್ಲಿದೆ? ಫೋನಿನಲ್ಲಿ ಓದಿ ಹೇಳುವ ಸೌಲಭ್ಯ ಇದೆ, ನಿಜ. ಅದು ರೇಡಿಯೊ ದನಿಯ ಮೇಲೇ ಮಾತಾಡುತ್ತದೆ. ಮೇಲಾಗಿ ಆ್ಯಪ್‌ಗೆ ಲಾಗಿನ್, ಲಾಗಿನ್‌ಗೆ ಇ-ಮೇಲ್, ಇ-ಮೇಲ್‌ಗೆ ಪಾಸ್‌ವರ್ಡ್. ಒಂದು ಗುಂಡಿಯ ಕೆಲಸ ಎಲ್ಲಿಗೆ ಬಂತು ನೋಡಿ.

ಕೇಂದ್ರದವರ ಪಕ್ಷವನ್ನೂ ಹೇಳದಿದ್ದರೆ ನ್ಯಾಯ ಆಗುವುದಿಲ್ಲ. ಎಫ್‌ಎಂ ಟ್ರಾನ್ಸ್‌ಮಿಟರ್‌ಗೆ ಒಬ್ಬರು ಕೇಳಿದರೂ ಅಷ್ಟೇ ಕರೆಂಟು, ಒಂದು ಲಕ್ಷ ಜನ ಕೇಳಿದರೂ ಅಷ್ಟೇ. ಸ್ಟ್ರೀಮ್ ಹಾಗಲ್ಲ. ಒಬ್ಬೊಬ್ಬ ಕೇಳುಗನಿಗೂ ಬೇರೆ ಬೇರೆ ಪ್ರತಿ ಹೋಗಬೇಕು. 10,000 ಜನ 128ರಲ್ಲಿ ಕೇಳುತ್ತಿದ್ದರೆ ಸೆಕೆಂಡಿಗೆ 1.28 ಗಿಗಾಬಿಟ್ ಹೊರಗೆ ಹರಿಯಬೇಕು. 320 ಮಾಡಿದರೆ 3.2 ಗಿಗಾಬಿಟ್. 48ಕ್ಕೆ ಇಳಿಸಿದರೆ ಅರ್ಧ ಗಿಗಾಬಿಟ್‌ಗೂ ಒಳಗೆ. ಕೇಳುಗರು ಹೆಚ್ಚಿದಷ್ಟೂ ಬಿಲ್ಲು ಹೆಚ್ಚುವ ಏಕೈಕ ರೇಡಿಯೊ ಇದು. ಎಚ್‌ಎಲ್‌ಎಸ್‌ನ ತುಂಡುಗಳಾದರೋ ಮಾಮೂಲಿ ಫೈಲ್‌ಗಳು. ಫೋಟೊ, ವಿಡಿಯೊ ಹಂಚುವ ದೊಡ್ಡ ಜಾಲಗಳೇ ಅವನ್ನೂ ಹಂಚುತ್ತವೆ. ಖರ್ಚು ಇಳಿಯುತ್ತದೆ. ಜೊತೆಗೆ ಒಬ್ಬೊಬ್ಬರಿಗೆ ಬೇರೆ ಬೇರೆ ಜಾಹೀರಾತು ತೂರಿಸುವುದೂ ಸುಲಭ. ಈ ಕೊನೆಯ ಕಾರಣ ಪ್ರಕಟಣೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಕೇಳುಗರ ಜೇಬಿನ ಲೆಕ್ಕವೂ ಹೀಗೇ. 48ರಲ್ಲಿ ಗಂಟೆಗೆ 21.6 ಎಂಬಿ. 128ರಲ್ಲಿ 57.6. 320ರಲ್ಲಿ 144. ದಿನಾ ನಾಲ್ಕು ಗಂಟೆ ಕೇಳುವವರಿಗೆ 320 ಅಂದರೆ ತಿಂಗಳಿಗೆ 17 ಜಿಬಿ ದಾಟುತ್ತದೆ. 48 ಆದರೆ 2.6 ಜಿಬಿ. ಡೇಟಾ ಎಣಿಸಿ ಬಳಸುವವರಿಗೆ ಕೇಂದ್ರ ತಾನಾಗಿಯೇ ಬಿಟ್‌ರೇಟ್ ಏರಿಸಿದರೆ ಅದು ಉಡುಗೊರೆ ಅಲ್ಲ. ಆಯ್ಕೆ ಅವರ ಕೈಲಿರಬೇಕು. ಎಷ್ಟೋ ಆ್ಯಪ್‌ಗಳಲ್ಲಿ ಆ ಆಯ್ಕೆ ಇರುತ್ತದೆ, ಆದರೆ ಸೆಟ್ಟಿಂಗ್ಸ್‌ನ ಮೂರನೇ ಮನೆಯ ಮೂಲೆಯಲ್ಲಿ.

ಹಾಗಾದರೆ ಕೇಂದ್ರದವರು ಏನು ಮಾಡಬೇಕು? ಹೊಸದು ತನ್ನಿ, ಬೇಡ ಅನ್ನುವವರು ಯಾರು. ಆದರೆ ಪಕ್ಕದಲ್ಲಿ ಒಂದು ಸಾದಾ ಸ್ಟ್ರೀಮ್ ಉಳಿಸಿ. 128ರ ಎಂಪಿ3, ಎಚ್‌ಟಿಟಿಪಿಎಸ್ ಇಲ್ಲದ ವಿಳಾಸ, ನೇರವಾಗಿ ಹರಿಯುವಂಥದ್ದು. ಎಂಪಿ3 ಮೇಲಿನ ಪೇಟೆಂಟ್ ಲೈಸೆನ್ಸನ್ನೂ 2017ರಲ್ಲೇ ನಿಲ್ಲಿಸಿದ್ದಾರೆ, ಹಾಗಾಗಿ ಆ ಖರ್ಚೂ ಇಲ್ಲ. ಅದನ್ನು ಬಳಸುವವರು ವರ್ಷ ವರ್ಷ ಕಡಿಮೆಯಾಗುತ್ತಾರೆ, ಹೊರೆಯೂ ಕಡಿಮೆಯಾಗುತ್ತದೆ. ಮುಚ್ಚಲೇಬೇಕಾದರೆ ಆ ಸ್ಟ್ರೀಮ್‌ನಲ್ಲೇ, ರೇಡಿಯೊ ದನಿಯಲ್ಲೇ, ಕೆಲವು ತಿಂಗಳು ಮುಂಚೆಯಿಂದ ಹೇಳಿ. ವೆಬ್‌ಸೈಟಿನಲ್ಲಿ ಹಾಕಿದ ಪ್ರಕಟಣೆಯನ್ನು ಗುಂಡಿ ಒತ್ತಿ ಕೇಳುವವರು ಓದುವುದಿಲ್ಲ. ಇಷ್ಟು ಸಣ್ಣ ವಿಷಯ ಎಷ್ಟೋ ಕಡೆ ಯಾರಿಗೂ ಹೊಳೆಯುವುದಿಲ್ಲ ಅನ್ನುವುದೇ ನನಗೆ ಸೋಜಿಗ.

ಆಮೇಲೆ ಪ್ರಶ್ನೆಗಳು ಬಂದವು.

"ಸರ್, 128ಕ್ಕೂ 320ಕ್ಕೂ ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗಲ್ಲ. ನನ್ನ ಕಿವಿ ಕೆಟ್ಟಿದೆಯಾ?" ಅಂತ ಒಬ್ಬರು ಯುವಕರು ಕೇಳಿದರು. ಇಲ್ಲ. ಒಳ್ಳೆಯ ಎನ್‌ಕೋಡರ್ ಬಳಸಿದ 128ರ ಎಎಸಿಯನ್ನು ಮೂಲದಿಂದ ಬೇರೆ ಮಾಡಿ ಹೇಳುವುದು ಬಹಳ ಜನರಿಗೆ ಕಷ್ಟ. ಸ್ವತಃ ಪರೀಕ್ಷೆ ಮಾಡಬೇಕಾದರೆ ಅಂಕಿ ನೋಡಿಕೊಂಡು ಕೇಳಬೇಡಿ. ಕಣ್ಣಿಗೆ 320 ಕಂಡರೆ ಕಿವಿಗೂ 320 ಕೇಳಿಸುತ್ತದೆ. ಬೇರೊಬ್ಬರ ಕೈಲಿ ಬದಲಾಯಿಸಲು ಹೇಳಿ, ನೀವು ಗೋಡೆ ಕಡೆ ಮುಖ ಮಾಡಿ ಕೂರಿ. ಹತ್ತರಲ್ಲಿ ಐದು ಸರಿಯಾದರೆ ನೀವು ಸುಮ್ನೆ ಊಹಿಸುತ್ತಿದ್ದೀರಿ ಅಂತ.

"ನಮ್ಮ ಸೆಟ್ ಸಡನ್ನಾಗಿ ನಿಂತಿದೆ, ಬಿಸಾಡೋದಾ?" ಅಂತ ಹಿರಿಯ ಮಹಿಳೆಯೊಬ್ಬರು ಕೇಳಿದರು. ಬಿಸಾಡಬೇಡಿ ಅಮ್ಮ. ಮೊದಲು ಬೇರೆ ಎರಡು ಕೇಂದ್ರ ಹಾಕಿ ನೋಡಿ. ಅವು ಬಂದರೆ ಸೆಟ್ ಸರಿ ಇದೆ, ಆ ಒಂದು ಕೇಂದ್ರದ ವಿಳಾಸ ಬದಲಾಗಿದೆ. ಯಾವುದೂ ಬರದಿದ್ದರೆ ಪಟ್ಟಿಯ ಸೇವೆ ಹೋಗಿರಬಹುದು, ಇಲ್ಲವೇ ನಿಮ್ಮ ವೈ-ಫೈ ಪಾಸ್‌ವರ್ಡನ್ನು ಮನೆಯಲ್ಲಿ ಯಾರೋ ಬದಲಾಯಿಸಿರಬಹುದು. (ಸಭೆಯಲ್ಲಿ ನಗು. ಆದರೆ ಇದು ನಿಜಕ್ಕೂ ಆಗುತ್ತದೆ.) ಕೆಲವು ಸೆಟ್‌ಗಳಲ್ಲಿ ಸ್ಟ್ರೀಮ್ ವಿಳಾಸವನ್ನು ಕೈಯಾರೆ ಹಾಕಬಹುದು. ಏನೂ ಆಗದಿದ್ದರೂ ಹಿಂದೆ ಆಕ್ಸ್ ತೂತು ಇದ್ದರೆ ಫೋನಿನಿಂದ ವೈರ್ ಸಿಕ್ಕಿಸಿ ಕೇಳಬಹುದು. ಸ್ಪೀಕರಿಗೆ ಯಾವ ಪ್ರಮಾಣಪತ್ರವೂ ಬೇಕಿಲ್ಲ.

ಕೊನೆಯದಾಗಿ ಒಬ್ಬರು, "ಕೇಂದ್ರದವರಿಗೆ ದೂರು ಬರೆದರೆ ಉಪಯೋಗ ಇದೆಯಾ, ಏನಂತ ಬರೀಬೇಕು?" ಅಂದರು. ಇದೆ. ಸೆಟ್ಟಿನ ಹೆಸರು, ಮಾಡೆಲ್ ನಂಬರ್ ಬರೆಯಿರಿ. ಯಾವ ದಿನದವರೆಗೆ ಬರುತ್ತಿತ್ತು, ಯಾವಾಗಿನಿಂದ ಇಲ್ಲ, ಬೇರೆ ಕೇಂದ್ರಗಳು ಬರುತ್ತವೆಯಾ, ಸೆಟ್ಟಿನ ಮೇಲೆ ಏನಾದರೂ ಅಕ್ಷರ ಮೂಡುತ್ತದೆಯಾ, ಪೂರ್ತಿ ಮೌನವೋ ಇಲ್ಲ ಮಂಕು ಧ್ವನಿಯೋ ಅಂತ ಬರೆಯಿರಿ. "ನಿಮ್ಮ ರೇಡಿಯೊ ಬರ್ತಿಲ್ಲ" ಅಂತ ಒಂದೇ ಸಾಲು ಬರೆದರೆ ಅವರು ತಮ್ಮ ಕಂಪ್ಯೂಟರಿನಲ್ಲಿ ಹಾಕಿ ನೋಡುತ್ತಾರೆ. ಅಲ್ಲಿ ಅದು ಬರುತ್ತಲೇ ಇರುತ್ತದೆ.